ಎರಡು ಜಗ್ಗು

ಪಾಪಣ್ಣನ ಮೊದಲ ಏಟು ಬಾಯಿಗೇ ಬಿತ್ತು. ಬೀರಲಿಂಗಪ್ಪ ಅರ್ಧ ಕಟ್ಟಿದ ಚಟ್ಟದ ಮೇಲೆ ಉರುಳಿದ. ಎದ್ದು ಕೂರುವಷ್ಟರಲ್ಲಿ ಪಕ್ಕೆಗೆ ಒದೆ. ಗಂಡ ದುರುಗಪ್ಪನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಹನುಮಂತಮ್ಮ ಓಡಿಬಂದು ತಮ್ಮನ ಮೇಲೆ ಅಡ್ಡಬಿದ್ದಳು.

“ದೂರ ಸರೀರಿ ಅತ್ತಿಗೆ! ನಮ್ಮಣ್ಣನ್ನ ಕೊಂದೋನು ಇವ್ನು.”

“ಭಾವ ಹಗ್ಗ ಜಗ್ಗಿದ, ನಾನು ಬಿಟ್ಟೆ. ಅಷ್ಟೇ ಕಣಕ್ಕ,” ಎಂದ ಬೀರಲಿಂಗಪ್ಪ, ರಕ್ತ ಉಗುಳುತ್ತ.

“ಕೇಳಿದ್ರೇನ್ರೀ? ಬಿಟ್ಟೆ ಅಂತ ಅವನ ಬಾಯಿಂದಾನೇ ಬಂತು!”

ಊರಿಗೆ ಇನ್ನೇನು ಬೇಕು? ಹೋದ ವರ್ಷ ದುರುಗಪ್ಪ ಕುಡಿದು ಬಂದು ಹೆಂಡತಿಯ ತಲೆ ಒಡೆದಿದ್ದ. ಆಗ ಅವಳ ತವರೂರು ಸೊಕ್ಕೆಯಿಂದ ಬಂದ ಈ ತಮ್ಮ ಭಾವನನ್ನು ಬೀದಿಯಲ್ಲೇ ಕೆಡವಿ, “ಇನ್ನೊಂದು ಸಲ ನಮ್ಮಕ್ಕನ್ನ ಮುಟ್ಟಿದ್ರೆ ಮಡುವಿನಾಗೇ ಮುಳುಗಿಸ್ತೀನಿ,” ಎಂದು ಕೂಗಿದ್ದ. ಹೊನ್ನಾಳಿಯ ಅರ್ಧ ಜನ ಅದನ್ನು ಕೇಳಿದ್ದರು.

ಹಿರಿಯ ಹಾಲೇಶಪ್ಪ ಪಾಪಣ್ಣನ ರಟ್ಟೆ ಹಿಡಿದ. “ಮಣ್ಣಾಗೋತಂಕ ತಡಿಯಪ್ಪ. ಹೊಳ್ಯಾಗೆ ಮುಳುಗು ಹಾಕೋನ್ನ ಕುಣಿಗೆ ಇಳಿಸಾಕೆ ಅವನ ಕೊನೇ ಹಗ್ಗ ಹಿಡಿದೋನೇ ಬೇಕು. ಹಿಂದಿಂದ ಬಂದಿದ್ದು.”

“ಆಗ್ಲಿ. ಕುಣಿ ಅಗಲ ತೋಡ್ರಿ. ಇಬ್ಬರಿಗೆ ಆಗ್ಬೇಕು.”

ಪಾಪಣ್ಣ ಹೇಳಿದ್ದು ಮಾಡುವವನೇ. ಆದರೆ ಹನುಮಂತಮ್ಮನ ಭಯ ಅದಕ್ಕಿಂತ ದೊಡ್ಡದು. ತಮ್ಮ ನಿಜವಾಗಿಯೂ ಕೊಂದನೇ? ತನಗೋಸ್ಕರವೇ ಕೊಂದನೇ?

*

ತುಂಗಭದ್ರೆಯ ಆ ಮಡುವಿನಿಂದ ಹೆಣ, ಹಿತ್ತಾಳೆ ಕೊಡ, ಜೋಡೆತ್ತಿನ ಗಾಡಿ, ಏನು ಮುಳುಗಿದರೂ ಎತ್ತಿದವನು ದುರುಗಪ್ಪ. ಕಲ್ಲು ಅಪ್ಪಿಕೊಂಡು ಇಳಿಯುತ್ತಿದ್ದ. ಸೊಂಟದ ಹಗ್ಗವನ್ನು ಒಂದು ಸಲ ಜಗ್ಗಿದರೆ ‘ಬಿಡು’, ಎರಡು ಸಲ ಜಗ್ಗಿದರೆ ‘ಎಳಿ’. ಹೊಳೆದಂಡೆಯ ಕೂಸಿಗೂ ಗೊತ್ತಿದ್ದ ಮಾತು.

ನಿನ್ನೆ ನ್ಯಾಮತಿಯ ಹುಡುಗನೊಬ್ಬ ಮುಳುಗಿದ್ದ. ಯಾವಾಗಲೂ ಹಗ್ಗ ಹಿಡಿಯುವ ಪಾಪಣ್ಣ ಚನ್ನಗಿರಿ ಸಂತೆಗೆ ಹೋಗಿದ್ದ. ಅಕ್ಕನನ್ನು ನೋಡಲು ಬಂದಿದ್ದ ಬೀರಲಿಂಗಪ್ಪನನ್ನು ದುರುಗಪ್ಪನೇ ಕರೆದ.

“ಬಾರೋ. ಬಾವಿ ತೋಡೋನಿಗೆ ಹಗ್ಗ ಹಿಡಿಯಾಕೆ ನಾನು ಹೇಳ್ಕೊಡ್ಬೇಕಾ?” ಎಂದು ನಕ್ಕು ನೀರಿಗಿಳಿದ.

ದಂಡೆಯ ಜನ ಹುಡುಗನ ತಾಯಿಯನ್ನು ಹಿಡಿದುಕೊಂಡಿದ್ದರು. ಹಗ್ಗದ ಕಡೆ ಯಾರ ಗಮನವೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಎಳೆದಾಗ ದುರುಗಪ್ಪ ಸತ್ತೇ ಮೇಲೆ ಬಂದ. ಬಂಡೆ ಕೆರೆದು ಉಗುರುಗಳು ಕಿತ್ತುಬಂದಿದ್ದವು. ನಾಲಿಗೆ ಕಚ್ಚಿಕೊಂಡಿದ್ದ. ಹುಡುಗನ ಅಂಗಿಯನ್ನು ಮಾತ್ರ ಎಡಗೈ ಬಿಟ್ಟಿರಲಿಲ್ಲ.

*

ಕುಣಿಗೆ ಇಳಿಸುವಾಗ ಯಾರೂ ಮಾತಾಡುವಂತಿಲ್ಲ. ಮುಳುಗು ಹಾಕುವವನ ಮಣ್ಣಿನಲ್ಲಿ ಹಗ್ಗವೇ ಮಾತಾಡಬೇಕು. ಹೆಣದ ಕಂಕುಳಿಗೆ ಹಗ್ಗ ಕಟ್ಟಿ, ಕುಣಿಯೊಳಗೆ ನಿಂತ ಪಾಪಣ್ಣನ ಕೈಗೆ ಅದರ ಕಾಲು ಕೊಟ್ಟರು. ಅವನ ಸೊಂಟದಲ್ಲಿ ಮಚ್ಚಿತ್ತು. ಮೇಲೆ ಹಗ್ಗ ಹಿಡಿದ ಬೀರಲಿಂಗಪ್ಪ ಏಟಿಗೆ ಬಾತ ಕಣ್ಣುಗಳಲ್ಲಿ ಏನೂ ಕಾಣದೆ ಇಳಿಸತೊಡಗಿದ.

ಅರ್ಧದಲ್ಲಿ ಹೆಣ ವಾಲಿ ತಲೆ ಕುಣಿಯ ಗೋಡೆಗೆ ತಗುಲಿತು. ಮೇಲೆತ್ತಲಿ ಎಂದು ಪಾಪಣ್ಣ ರೂಢಿಯಂತೆ ಹಗ್ಗವನ್ನು ಎರಡು ಸಲ ಜಗ್ಗಿದ.

ಬೀರಲಿಂಗಪ್ಪ ತಟ್ಟನೆ ಹಗ್ಗ ಸಡಿಲಬಿಟ್ಟ. ಹೆಣ ದೊಪ್ಪನೆ ಪಾಪಣ್ಣನ ಮೇಲೆ ಬಿತ್ತು.

ಪಾಪಣ್ಣನ ಕೈ ಮಚ್ಚಿಗೆ ಹೋಯಿತು, ಅಲ್ಲೇ ನಿಂತಿತು. ಅಣ್ಣನ ಹೆಣದ ಅಡಿಯಿಂದಲೇ ಇನ್ನೊಮ್ಮೆ ಜಗ್ಗಿದ. ಎರಡು ಸಲ, ನಿಧಾನವಾಗಿ. ಮೇಲಿನಿಂದ ಇನ್ನೊಂದು ಮಾರು ಹಗ್ಗ ಇಳಿದು ಬಂತು.

ಹನುಮಂತಮ್ಮನಿಗೆ ಅಪ್ಪ ತೋಡುತ್ತಿದ್ದ ಬಾವಿ ನೆನಪಾಯಿತು. ಸೊಕ್ಕೆಯ ಬಾವಿಗಳಲ್ಲಿ ಒಂದು ಜಗ್ಗಿದರೆ ‘ಎಳಿ’, ಎರಡು ಜಗ್ಗಿದರೆ ‘ಬಿಡು’. ತಮ್ಮ ಕೊಂದಿರಲಿಲ್ಲ. ಕೇಳಿದ್ದನ್ನೇ ಕೊಟ್ಟಿದ್ದ. ಮಡುವಿನ ತಳದಲ್ಲಿ ದುರುಗಪ್ಪ ಎಳಿ, ಎಳಿ ಎಂದು ಜಗ್ಗಿದ್ದ. ಜಗ್ಗಿದಷ್ಟೂ ಹಗ್ಗ ಇಳಿದು ಬಂದಿತ್ತು.

ಅವಳು ತಮ್ಮನ ಕೈಯಿಂದ ಹಗ್ಗ ಕಿತ್ತುಕೊಂಡಳು. ಕುಣಿಯ ಅಂಚಿಗೆ ಹಿಮ್ಮಡಿ ಊರಿ, ಹಲ್ಲು ಕಚ್ಚಿ ಎಳೆದಳು. “ಬ್ಯಾಡವ್ವಾ,” ಎಂದ ಹಾಲೇಶಪ್ಪ. ಅಂಗೈ ಸುಲಿದರೂ ಎಳೆದಳು. ಕೆಳಗಿನಿಂದ ಪಾಪಣ್ಣ ಎರಡೂ ಕೈಯಲ್ಲಿ ಅಣ್ಣನನ್ನು ಮೇಲಕ್ಕೆ ನೂಕತೊಡಗಿದ. ದುರುಗಪ್ಪನ ತಲೆ ಮಣ್ಣಿನಿಂದ ಮೇಲೆ ಬಂತು, ಆಮೇಲೆ ಭುಜ.