ಬಡೇಸಾಬ ಕಟ್ಟದ ಕಂದಾಯ

ಪಿಂಜಾರ ಬಡೇಸಾಬ ಹತ್ತಿ ಹಿಂಜಿಕೊಡದೆ ಚನ್ನಗಿರಿಯಲ್ಲಿ ಮದುವೆಯ ಹಾಸಿಗೆ ಸಿದ್ಧವಾಗುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅವನ ಮಾತುಕತೆಯೆಲ್ಲ ಅಡಿಕೆ ವ್ಯಾಪಾರಿ ಕೊಟ್ರಬಸಪ್ಪನ ಜಗುಲಿಯ ಮೇಲೆ. ಸಂಜೆಯಾದರೆ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರು.

ನಲವತ್ತೆರಡನೇ ಇಸವಿಯಲ್ಲಿ ಮನೆಗಂದಾಯದ ಜೊತೆಗೆ ಯುದ್ಧನಿಧಿ ಎಂದು ಎಂಟಾಣೆ ಸೇರಿಸಿದರು. ಬಡೇಸಾಬ ಬರೀ ಕಂದಾಯವನ್ನು ಪುರಸಭೆಯ ಗುಮಾಸ್ತ ಮರುಳಸಿದ್ದಪ್ಪನ ಮುಂದಿಟ್ಟ.

“ಎಂಟಾಣೆ ಕಡಿಮೆ ಐತಲ್ಲೋ.”

“ಊರಿನ ದೀಪಕ್ಕೆ, ಬಾವಿಗೆ ಕೊಟ್ಟೀನ್ರಿ. ಯುದ್ಧಕ್ಕೆ ಕೊಡಲ್ಲ.”

“ಬೇರೆ ಬೇರೆ ಮಾಡಾಕೆ ಬರಲ್ಲಪ್ಪ. ಮನೆ ಸಾಮಾನು ಜಪ್ತಿ ಮಾಡ್ತಾರೆ ನೋಡು.”

“ಮಾಡ್ಲಿ ಬಿಡ್ರಿ.”

ಹಿಂದಿನ ಮಹಾಯುದ್ಧದಲ್ಲಿ ಅವನು ಇರಾಕಿನ ಬಸ್ರಾಕ್ಕೆ ಹೋಗಿದ್ದ. ಆಸ್ಪತ್ರೆಯ ದಿಂಬು ತುಂಬುವ ಕೆಲಸವೆಂದು ಕರೆದೊಯ್ದವರು ಹೆಣಗಳ ಕಿವಿ ಮೂಗಿಗೆ ಇಡುವ ಹತ್ತಿ ಹಿಂಜಿಸಿದರು. ನಮ್ಮ ಕಡೆಯವರಿಗೂ ಅದೇ ಹತ್ತಿ, ಸೆರೆಸಿಕ್ಕು ಸತ್ತ ತುರ್ಕರಿಗೂ ಅದೇ. ನಾಲ್ಕು ತಿಂಗಳು ಹತ್ತಿ ಹಿಂಜುವ ಬಿಲ್ಲಿಗೆ ಬಿಡುವಿರಲಿಲ್ಲ. ಇದನ್ನು ಅವನು ಕೊಟ್ರಬಸಪ್ಪನೊಬ್ಬನಿಗೆ ಹೇಳಿದ್ದ.

ಸುದ್ದಿ ಹಬ್ಬಿತು. “ನಿನ್ನಿಂದ ನಮಗೆಲ್ಲಾ ತಾಪತ್ರಯ” ಎಂದರು ಮಸೀದಿಯ ಹಿರಿಯರು. ನಮಾಜು ಮುಗಿಸಿ ಹೊರಟರೆ ಯಾರೂ ಅವನ ಜೊತೆ ಹೆಜ್ಜೆ ಹಾಕುತ್ತಿರಲಿಲ್ಲ. ಹಾಸಿಗೆಯ ಕೆಲಸವೂ ನಿಂತಿತು. ಜಪ್ತಿಯವರು ಬರಲೆಂದು ಅವನು ದಿನವೂ ಮನೆ ಗುಡಿಸಿ, ಬಾಗಿಲು ತೆರೆದಿಟ್ಟು ಕಾದ. ತಿಂಗಳಾದರೂ ಯಾರೂ ಬರಲಿಲ್ಲ. ಕಚೇರಿಗೆ ಹೋಗಿ ಕೇಳಿದ.

“ನಿಂದು ಪೂರಾ ಜಮಾ ಆಗೇತಲ್ಲ. ಕೊಟ್ರಬಸಪ್ಪನೋರು ಕಟ್ಟಿ ಹೋದ್ರು” ಎಂದ ಮರುಳಸಿದ್ದಪ್ಪ.

ಬಡೇಸಾಬ ನೆಟ್ಟಗೆ ಗೆಳೆಯನ ಜಗುಲಿಗೆ ಬಂದ. ಕೂರಲಿಲ್ಲ.

“ಯಾಕೆ ಕಟ್ಟಿದ್ರಿ ಸಾವ್ಕಾರ್ರೆ?”

“ನಿನ್ನ ಬಿಲ್ಲು ಎತ್ಕೊಂಡು ಹೋಗೋದನ್ನ ನಾನು ನೋಡ್ಕೊಂಡು ಕೂರ್ಬೇಕಿತ್ತೇನೋ?”

“ಬಿಲ್ಲು ಹೋಗಿದ್ರೆ ಹೋಗ್ತಿತ್ತು. ಈಗ ಯುದ್ಧದ ಲೆಕ್ಕಕ್ಕೆ ನನ್ನ ಹೆಸರು ಹೋತು.”

“ಎಂಟಾಣೆಗೆ ಇಷ್ಟೊಂದು ಮಾತಾ? ಹೋಗು ಹಂಗಾರೆ!”

ಮನೆಯಿದ್ದರೆ ತಾನೇ ಮನೆಗಂದಾಯ? ಆ ವಾರವೇ ಅವನು ಮನೆಯನ್ನು ತಂಗಿ ಗುಲ್ಜಾರ್‌ಬೀ ಹೆಸರಿಗೆ ಬರೆದುಕೊಟ್ಟು, ಬಿಲ್ಲನ್ನು ಹೆಗಲಿಗೇರಿಸಿ ಹೊರಟುಬಿಟ್ಟ. ಹೊನ್ನಾಳಿ, ನ್ಯಾಮತಿ, ಆಮೇಲೆ ಜಗಳೂರಿನ ಹಳ್ಳಿಗಳು. ಹಿಂಜಿದ ಊರಲ್ಲಿ ಊಟ, ಯಾರದೋ ಕಟ್ಟೆಯ ಮೇಲೆ ನಿದ್ದೆ. ಸಂಜೆ ಎಲೆಗೆ ಸುಣ್ಣ ಹಚ್ಚುವಾಗ ಎರಡನೆಯ ಎಲೆಗೂ ಕೈ ಹೋಗುತ್ತಿತ್ತು. ಮೊದಲ ವರ್ಷ ಸಿಟ್ಟಿತ್ತು. ಎರಡನೆಯ ವರ್ಷ ಅದೂ ಜೊತೆಗಿರಲಿಲ್ಲ.

ಯುದ್ಧ ಮುಗಿದ ಸುದ್ದಿ ಜಗಳೂರಿನ ಅಂಗಡಿಯೊಂದರ ಮುಂದೆ ಕಿವಿಗೆ ಬಿತ್ತು. ಯಾರೋ ಕೈಗೆ ಸಕ್ಕರೆ ಹಾಕಿದರು. ಅದನ್ನು ಬಾಯಿಗೆ ಹಾಕಿಕೊಂಡು ಅಲ್ಲಿಂದಲೇ ಚನ್ನಗಿರಿಯ ದಾರಿ ಹಿಡಿದ. ನಾಲ್ಕನೆಯ ದಿನ ಕೊಟ್ರಬಸಪ್ಪನ ಜಗುಲಿ ಹತ್ತಿದ. ಹೊರಬಂದ ಗೆಳೆಯನ ಹೆಂಡತಿ ಸರ್ವಮಂಗಳಮ್ಮನ ಹಣೆ ಬೋಳಾಗಿತ್ತು.

“ಯಾವಾಗ ಅಮ್ಮಾವ್ರೆ?”

“ಹೋದ ಮಾಘದಾಗೆ. ನಿಮ್ಮನ್ನ ಹುಡುಕ್ಸಾಕೆ ಹೊನ್ನಾಳಿಗೆ ಆಳು ಕಳ್ಸಿದ್ರು. ನೀವು ಅಲ್ಲಿಂದ ಹೋಗಿಬಿಟ್ಟಿದ್ರಂತೆ.”

ಅವನು ತನ್ನ ಹಳೆಯ ಜಾಗದಲ್ಲೇ ಕುಳಿತ.

“ನಾನು ಮಾಡಿದ್ದು ತಪ್ಪಲ್ಲ ಅಮ್ಮಾವ್ರೆ. ಆದ್ರೆ ಅವರ ಮೇಲೆ ಸಿಟ್ಟು ಉಳಿದಿರ್ಲಿಲ್ಲ. ಅದನ್ನ ಹೇಳಾಕೆ ಬಂದಿದ್ದೆ.”

ಸರ್ವಮಂಗಳಮ್ಮ ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟರು.