ಮರಳುಹೊಂಡದ ಅಂಚು

ಮರಳು ತೆಗೆದು ತೆಗೆದು ಊರಾಚೆ ದೊಡ್ಡ ಹೊಂಡವಾಗಿತ್ತು. ಕೆಲಸ ನಿಂತ ಮೇಲೆ ಅದರಲ್ಲಿ ನೀರು ತುಂಬಿತು. ನೀರಿಗೆ ಮೀನು ಬಂದವು, ಮೀನಿಗೆ ಹಕ್ಕಿ ಬಂದವು, ಹಕ್ಕಿಯ ಹಿಂದೆ ಜನ ಬಂದರು. ಹಕ್ಕಿ ನೋಡೋರಿಗೆ ಮರದ ಅಟ್ಟಣೆ ಕಟ್ಟಿದರು. ಗಾಳ ಹಾಕೋರಿಗೆ ಹಲಗೆಯ ಕಟ್ಟೆ ಮಾಡಿದರು. ಉಳಿದ ದಡಕ್ಕೆಲ್ಲ ಕಂಬ ನೆಟ್ಟು ತಂತಿ ಬಿಗಿದರು. ಆ ತಂತಿಯನ್ನು ಲೆಕ್ಕಕ್ಕಿಟ್ಟವರು ಕಡಿಮೆ.

ಒಂದು ಭಾನುವಾರ ಬೆಳಿಗ್ಗೆ ಒಬ್ಬ ಟೈಲರ್, ಅವನ ಅಕ್ಕ ಮತ್ತು ಭಾವ ಅಲ್ಲಿಗೆ ಹೋದರು. ಭಾವ ಬಸ್ ಡ್ರೈವರ್, ವಾರಕ್ಕೊಂದೇ ರಜೆ. ಅಕ್ಕನಿಗೆ ಹಕ್ಕಿಯ ಹುಚ್ಚು. ದುರ್ಬೀನು ಕೊರಳಿಗೆ ಹಾಕಿಕೊಂಡು ಅಟ್ಟಣೆ ಹತ್ತಿದಳು. ಗಂಡಸರಿಬ್ಬರೂ ಕಟ್ಟೆಯ ಮೇಲೆ ಗಾಳ ಹಿಡಿದು ಕೂತರು. ಗಂಟೆ ಕಳೆದರೂ ಒಂದು ಮೀನೂ ಕಚ್ಚಲಿಲ್ಲ. ಬೇಸತ್ತ ಟೈಲರ್ ಗಾಳ ಎತ್ತಿಕೊಂಡು, ತಂತಿ ದಾಟಿ, ಮರಳಿನ ಅಂಚಿನ ಕಡೆ ನಡೆದ.

ಅದನ್ನು ಕಂಡು ಕಾವಲುಗಾರ ಓಡಿ ಬಂದ. ವಯಸ್ಸಾದ ಮನುಷ್ಯ. ಇದೇ ಹೊಂಡದಲ್ಲಿ ಹನ್ನೆರಡು ವರ್ಷ ಮರಳು ತೋಡಿದವನು.

“ಅಲ್ಲಿ ನಿಲ್ಲಬೇಡಪ್ಪಾ,” ಅಂದ. “ಮೇಲೆ ಗಟ್ಟಿ ಕಾಣತ್ತೆ, ಅಡೀಲಿ ನೀರು ಕೊರೆದು ಟೊಳ್ಳಾಗಿದೆ. ಇಲ್ಲಿ ಒಂದು ಹೆಜ್ಜೆ ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ನೆಲಾನೇ ಇಲ್ಲ.”

ಟೈಲರ್ ನಕ್ಕ. ನಾನು ನದೀಲಿ ಈಜಿ ಬೆಳೆದವನು, ಈ ಗುಂಡಿ ನನ್ನನ್ನೇನು ಮಾಡತ್ತೆ ಅಂದ. ಕಾವಲುಗಾರ ಬಿಡಿಸಿ ಹೇಳಿದ: ಹಿಡಿಯೋಕೆ ಹೋದರೆ ದಡವೇ ಕಿತ್ತು ಕೈಗೆ ಬರತ್ತೆ, ಮರಳು ಮೈಮೇಲೆ ಜಾರತ್ತೆ, ಮೇಲಿನ ನೀರು ಬೆಚ್ಚಗಿದ್ದರೂ ಕೆಳಗೆ ಮೈ ಕೊರೆಯೋ ಚಳಿ, ಕೈಕಾಲು ಸೆಟೆದುಕೊಳ್ಳತ್ತೆ, ಆಗ ಈಜು ನೆರವಿಗೆ ಬರಲ್ಲ. ಬಾರೋ ಅಂತ ಭಾವನೂ ಕರೆದರು. ಐದೇ ನಿಮಿಷ ಅಂದ ಟೈಲರ್. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಅಂತ ಗೊಣಗಿಕೊಂಡು ಕಾವಲುಗಾರ ಹಗ್ಗ ತರೋಕೆ ಗೇಟಿನ ಕೋಣೆಗೆ ಹೋದ.

ಐದು ನಿಮಿಷ ಆಗಲಿಲ್ಲ. ಹಸಿ ಗೋಡೆ ಬಿದ್ದ ಹಾಗೆ ದಡ ಕುಸಿಯಿತು. ಟೈಲರ್ ಕೂಗಲೂ ಆಗದೆ ನೀರಿಗೆ ಹೋದ. ಭಾವ ಹಿಂದೆಮುಂದೆ ನೋಡಲಿಲ್ಲ. ಬೂಟು ಕೂಡ ಬಿಚ್ಚದೆ ಹಾರಿದರು. ಹೆಂಡತಿಯ ತಮ್ಮನನ್ನು ಹಿಡಿದು ಮೇಲಕ್ಕೆ ತಳ್ಳಿದರು. ಅಷ್ಟರಲ್ಲಿ ಇನ್ನೊಂದು ಪಾಲು ಮರಳು ಅವರ ಮೇಲೇ ಕುಸಿಯಿತು.

ಓಡಿ ಬಂದ ಕಾವಲುಗಾರ ಅಂಚಿನಿಂದ ದೂರ ಬೋರಲು ಮಲಗಿ, ಖಾಲಿ ಕ್ಯಾನ್ ಕಟ್ಟಿದ ಹಗ್ಗ ಎಸೆದ. ಅದು ಟೈಲರ್ ಕೈಗೆ ಸಿಕ್ಕಿತು. ಅದನ್ನು ಹಿಡಿಯೋಕೆ ಭಾವನ ಕೈ ನೀರಿನ ಮೇಲೆ ಬರಲಿಲ್ಲ. ಅಕ್ಕ ಇದನ್ನೆಲ್ಲ ಅಟ್ಟಣೆಯಿಂದ ನೋಡಿದಳು, ದುರ್ಬೀನಿನಲ್ಲಿ, ತೀರ ಹತ್ತಿರದಿಂದ.

ಮಧ್ಯಾಹ್ನ ಮೂರಕ್ಕೆ ಮುಳುಗುಗಾರರು ಭಾವನ ದೇಹ ತೆಗೆದರು.

ಟೈಲರ್ ಒಂದು ತಿಂಗಳು ಅಂಗಡಿ ತೆರೆಯಲಿಲ್ಲ. ಅಕ್ಕನ ಮನೆ ಬಾಗಿಲ ತನಕ ಹೋಗೋದು, ಬೆಲ್ ಒತ್ತದೆ ವಾಪಸ್ ಬರೋದು. ಒಂದು ದಿನ ಅಕ್ಕನೇ ಬಾಗಿಲು ತೆಗೆದು ಒಳಗೆ ಕೂರಿಸಿದಳು. ತಪ್ಪಾಯ್ತು ಅನ್ನೋಕೆ ಅವನು ಬಾಯಿ ತೆರೆದ.

“ಬೇಡ ಕಣೋ,” ಅಂದಳು. “ನೀನು ಉಳಿದೆ ಅಂತ ಸಮಾಧಾನವೂ ಇದೆ, ಸಿಟ್ಟೂ ಇದೆ. ಎರಡನ್ನೂ ಇಟ್ಕೊಂಡೇ ಬದುಕ್ತೀನಿ. ನೀನು ಮನೇಲಿ ಕೂತು ಅತ್ತರೆ ಯಾರಿಗೇನು ಬಂತು? ಅಲ್ಲಿಗೆ ಹೋಗು. ತಂತಿ ದಾಟೋರಿಗೆ ನಿನ್ನ ಬಾಯಿಂದ್ಲೇ ಹೇಳು.”

ಈಗ ಪ್ರತಿ ಭಾನುವಾರ ಟೈಲರ್ ಆ ತಂತಿಯ ಈಚೆ ನಿಲ್ಲುತ್ತಾನೆ. ಕೆಲವರು ಕೇಳುತ್ತಾರೆ. ಕೆಲವರು, ನಮಗೂ ಈಜು ಬರತ್ತೆ ಬಿಡಿ ಅನ್ನುತ್ತಾರೆ. ಅಂಥವರಿಗೆ ಭಾವನ ವಿಷಯ ಹೇಳುತ್ತಾನೆ. ಅಕ್ಕ ಮಾತ್ರ ಮತ್ತೆ ಅಲ್ಲಿಗೆ ಕಾಲಿಟ್ಟಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮೀನಿಗೆ ಹೋಗಿ, ಹಕ್ಕಿ ನೋಡೋಕೆ ಹೋಗಿ, ಯಾರೂ ಬೇಡ ಅನ್ನಲ್ಲ. ಗಾಳ ಹಾಕೋದಾದರೆ ಕಟ್ಟೆಯ ಮೇಲಿಂದಲೇ ಹಾಕಿ. ಮರಳುಹೊಂಡದ ಅಂಚು ಎಷ್ಟೇ ಗಟ್ಟಿ ಕಂಡರೂ ನಂಬಬೇಡಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಕೂಗಿ ಜನ ಸೇರಿಸಿ, ದೂರದಿಂದಲೇ ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಿರಿ. ತಂತಿ ದಾಟಬೇಕು ಅನ್ನಿಸಿದರೆ, ಜೊತೆಗೆ ಬಂದವರ ಮುಖವನ್ನು ಒಮ್ಮೆ ತಿರುಗಿ ನೋಡಿ. ನೀವು ಬಿದ್ದರೆ ಮೊದಲು ನೀರಿಗೆ ಹಾರುವವರು ಅವರೇ.