ಮೃತ್ಯುಂಜಯಪ್ಪನವರ ಕೈಬ್ರೇಕು

ನಾನು ಒಂದು ಫಿಯೆಟ್ ಕಾರು. ಕಾಗದಪತ್ರದಲ್ಲಿ ಪದ್ಮಿನಿ ಎಂಬ ಹೆಸರಿದೆ, ಆದರೆ ತಿಪಟೂರಿನಲ್ಲಿ ಆ ಹೆಸರು ಹಿಡಿದು ಯಾರೂ ನನ್ನನ್ನು ಕರೆದಿಲ್ಲ. ಹುಟ್ಟಿದ್ದು ಮುಂಬಯಿಯಲ್ಲಿ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ನನಗೊಬ್ಬ ಯಜಮಾನರು ನಿಶ್ಚಯವಾಗಿದ್ದರು. ಆ ಕಾಲದಲ್ಲಿ ಕಾರು ಬೇಕೆಂದರೆ ಹೆಸರು ಬರೆಸಿ ಕಾಯಬೇಕಿತ್ತು. ಕೊಬ್ಬರಿ ಮಂಡಿಯ ಗುರುಸಿದ್ದಪ್ಪನವರು ಹೆಸರು ಬರೆಸಿದ ದಿನ ಅವರ ಮೀಸೆ ಕಪ್ಪಗಿತ್ತಂತೆ. ಲಾರಿಯಿಂದ ಇಳಿದ ನಾನು ನೋಡಿದ್ದು ಬಿಳಿ ಮೀಸೆಯನ್ನು.

ಗುರುಸಿದ್ದಪ್ಪನವರಿಗೆ ನನ್ನಲ್ಲಿ ಕೂರುವ ಆಸೆಗಿಂತ ನಾನು ಮನೆ ಮುಂದೆ ನಿಂತಿರುವುದನ್ನು ನೋಡುವ ಆಸೆ ಹೆಚ್ಚು. ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ಸೀಟಿನ ಪ್ಲಾಸ್ಟಿಕ್ ಹಾಳೆಯನ್ನು ಕೊನೆಯವರೆಗೂ ಬಿಚ್ಚಲಿಲ್ಲ. ಬೇಸಿಗೆಯಲ್ಲಿ ಕೂತವರು ಏಳುವಾಗ ಪಂಚೆ ಹಾಳೆಗೇ ಅಂಟಿಕೊಳ್ಳುತ್ತಿತ್ತು. ಅವರು ತೀರಿಕೊಂಡ ಮೇಲೆ ಮಕ್ಕಳು ದೊಡ್ಡ ಕಾರು ತಂದರು. ನಾನು ಡಿಕ್ಕಿಯ ತುಂಬ ಕೊಬ್ಬರಿಯ ವಾಸನೆ ಹೊತ್ತುಕೊಂಡು ಎರಡನೆಯ ಮನೆಗೆ ಹೋದೆ.

ಎರಡನೆಯ ಯಜಮಾನರು ಫೋಟೋ ಮೃತ್ಯುಂಜಯಪ್ಪ. ಪೇಟೆ ಬೀದಿಯಲ್ಲಿ ಅವರದೊಂದು ಸ್ಟುಡಿಯೋ. ಮದುವೆಯ ತಿಂಗಳುಗಳಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಬಿಳಿ ಕೊಡೆಗಳು, ದೀಪಗಳು, ವೈರಿನ ಸುರುಳಿ; ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಸರ್ವಮಂಗಳ. ಆಕೆಯ ಬಾಯಲ್ಲಿ ಯಾವಾಗಲೂ ನಾಲ್ಕಾರು ಪಿನ್ನುಗಳು ಇರುತ್ತಿದ್ದವು. ಮದುವಣಗಿತ್ತಿಯ ನೆರಿಗೆ ಸರಿಮಾಡುವುದು, ಜಾರಿದ ದಂಡೆಗೆ ಪಿನ್ನು ಸಿಕ್ಕಿಸುವುದು, ಅಳುವ ಹುಡುಗಿಯ ಮೂಗೊರೆಸಿ ನಗಿಸುವುದು ಆಕೆಯ ಪಾಲಿನ ಕೆಲಸ. ಗಂಡಿನ ಕಡೆಯವರು ಕೊನೆಗೆ ಬಂದು, "ಸಾರ್, ಕಾರಿಗೆ ಒರಗಿಕೊಂಡು ಒಂದು" ಅನ್ನುತ್ತಿದ್ದರು. ಹೀಗಾಗಿ ಸುತ್ತಮುತ್ತಲ ಊರುಗಳ ಎಷ್ಟೋ ಗೋಡೆಗಳ ಮೇಲೆ ನನ್ನ ಬಾನೆಟ್ಟಿನ ಒಂದು ಮೂಲೆ ಇವತ್ತಿಗೂ ಇದೆ. ಆ ಮನೆಗಳ ಮೊಮ್ಮಕ್ಕಳು ನನ್ನನ್ನು ಅಜ್ಜನ ಆಸ್ತಿ ಎಂದುಕೊಂಡಿದ್ದರೆ ನನ್ನ ತಕರಾರೇನೂ ಇಲ್ಲ.

ಒಮ್ಮೆ ಒಂದು ಗುಡ್ಡದ ದೇವಸ್ಥಾನದ ಮದುವೆಗೆ ಹೋಗಿದ್ದೆವು. ಅವಸರದಲ್ಲಿ ಯಜಮಾನರು ಕೈಬ್ರೇಕನ್ನು ಅರ್ಧ ಎಳೆದು ಕ್ಯಾಮೆರಾ ಹಿಡಿದು ಓಡಿದರು. ಮಾಂಗಲ್ಯಧಾರಣೆಯ ಹೊತ್ತಿಗೆ ನಾನು ನಿಧಾನವಾಗಿ ಹಿಂದಕ್ಕೆ ಹೊರಟೆ. ವಾಲಗದ ಸದ್ದಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಡುಗೆ ಚಪ್ಪರದೊಳಗೆ ನುಗ್ಗಿ ಸಾರಿನ ಕೊಪ್ಪರಿಗೆಗೆ ಬೆನ್ನು ಕೊಟ್ಟು ನಿಂತೆ. ಯಾರಿಗೂ ಏನೂ ಆಗಲಿಲ್ಲ, ಸಾರು ಮಾತ್ರ ಮಣ್ಣುಪಾಲಾಯಿತು. "ಕಾರಿಗೂ ಎಲೆ ಹಾಕ್ರಪ್ಪ, ಹಸಿದಿರಬೇಕು" ಅಂದರು ಅಡುಗೆ ಭಟ್ಟರು.

ಆ ಮಾತು ಯಜಮಾನರ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವರು ಕೈಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದು, ಆಳದ ಬಾವಿಯಿಂದ ನೀರು ಸೇದುವವರ ಹಾಗೆ ಎಳೆಯತೊಡಗಿದರು. ಸಮತಟ್ಟಾದ ನಮ್ಮ ಮನೆಯ ತಗಡಿನ ಶೆಡ್ಡಿನಲ್ಲೂ ಅಷ್ಟೇ. ಆಯುಧಪೂಜೆಯ ದಿನ ಇನ್ನೂ ಹೆಚ್ಚು. ಪೈಪು ಹಿಡಿದು ನನ್ನ ಚಕ್ರಗಳ ಒಳಮೈಗೆಲ್ಲ ನೀರು ಬಿಟ್ಟು ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಒಮ್ಮೆ ಹತ್ತಿಸಿ ಇಳಿಸಿ, ಚಕ್ರದೊಳಗಿನ ನೆನೆದ ಡ್ರಮ್ಮಿನ ಮೇಲೆ ಬ್ರೇಕು ಬಿಗಿದು ಹೊದಿಕೆ ಹೊದಿಸಿಬಿಡುತ್ತಿದ್ದರು. ಓಡಾಟವಿದ್ದ ಕಾಲದಲ್ಲಿ ಮಾರನೆಯ ದಿನವೇ ಮದುವೆಯೋ ನಾಮಕರಣವೋ ಇರುತ್ತಿತ್ತು, ಒಳಗಿನ ನೀರು ಆರಿಹೋಗುತ್ತಿತ್ತು.

ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಸ್ಟುಡಿಯೋ ಮೊದಲು ಮಧ್ಯಾಹ್ನ ಮುಚ್ಚಿತು, ಆಮೇಲೆ ಪೂರ್ತಿ ಮುಚ್ಚಿತು. ನನ್ನ ತಿರುಗಾಟ ತರಕಾರಿಗೆ, ಕೆರೆ ಏರಿಗೆ, ಎಲ್ಲೋ ಒಂದು ಗೃಹಪ್ರವೇಶಕ್ಕೆ ಇಳಿಯಿತು. ಆ ಬಿಡುವಿನ ಕಾಲದಲ್ಲೇ ಯಜಮಾನರು ಹೆಂಡತಿಗೆ ಕಾರು ಕಲಿಸಿದ್ದು. ಮಾರುಕಟ್ಟೆ ಖಾಲಿಯಿದ್ದ ದಿನಗಳಲ್ಲಿ, ಕೊಬ್ಬರಿ ಹರಾಜಿನ ಮೈದಾನದಲ್ಲಿ. ಸ್ಟೀರಿಂಗಿನ ಪಕ್ಕದ ನನ್ನ ಗೇರು ಆಕೆಗೆ ನೀರು ಕುಡಿದಷ್ಟು ಸಲೀಸಾಯಿತು. ಲೈಸೆನ್ಸೂ ಬಂತು. ಆದರೆ ರಸ್ತೆಗೆ ಹೊರಟಾಗ ಯಜಮಾನರೇ ಬಲಗಡೆ ಕೂತು, "ಮುಂದಿನ ಸಲ ನೀನು ಹೊಡಿ" ಅನ್ನುತ್ತಿದ್ದರು. ಆ ಮುಂದಿನ ಸಲ ಲೈಸೆನ್ಸು ನವೀಕರಿಸುವಾಗಷ್ಟೇ ನೆನಪಾಗುತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ತರಕಾರಿ ತರಲು ಯಜಮಾನರೊಬ್ಬರೇ ನನ್ನನ್ನು ಹೊರಡಿಸಿದರು. ಎಡಗಡೆಯಿಂದ ಹಾಲಿನವನ ಸೈಕಲ್ಲು ಬಂತು. ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ನನ್ನ ಮಡ್ಗಾರ್ಡು ಕ್ಯಾನಿಗೆ ತಾಗಿತು. ಹಾಲಿನವನು ಇಳಿದು, "ಏನ್ ಸಾರ್, ಇಷ್ಟು ದೊಡ್ಡ ಕ್ಯಾನು ಕಾಣಲಿಲ್ವಾ? ಇನ್ನು ಮೇಲೆ ಇದಕ್ಕೂ ಒಂದು ಲೈಟು ಹಾಕಿಸ್ತೀನಿ" ಅಂದ. ಯಜಮಾನರು ನಗಲಿಲ್ಲ. ತರಕಾರಿಯನ್ನೂ ಮರೆತು, ಕತ್ತನ್ನು ಗೂಬೆಯ ಹಾಗೆ ಪೂರ್ತಿ ತಿರುಗಿಸಿ ತಿರುಗಿಸಿ ನೋಡುತ್ತ ಮನೆಗೆ ಬಂದರು. ಶೆಡ್ಡಿನಲ್ಲಿ ಎಂಜಿನ್ ಆರಿಸಿ ಬಹಳ ಹೊತ್ತು ಕೂತರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಕಣ್ಣಿನ ಡಾಕ್ಟರು ನರ ಸೊರಗಿದೆ ಅಂದದ್ದನ್ನು ಮನೆಯಲ್ಲಿ ಅವರು ಹೇಳಿರಲಿಲ್ಲ. ಜೀವಮಾನವೆಲ್ಲ ಚೌಕಟ್ಟು ಕಟ್ಟಿ ಲೋಕ ನೋಡಿದ ಮನುಷ್ಯ. ಈಗ ಎಡಗಡೆಯ ಚೌಕಟ್ಟು ತಾನಾಗಿಯೇ ಒಳಕ್ಕೆ ಸರಿದಿತ್ತು.

ಆ ವರ್ಷದ ಆಯುಧಪೂಜೆಯ ದಿನ ತೊಳೆದು, ಅಂಗಳದಲ್ಲೇ ನಿಂಬೆಹಣ್ಣು ಹತ್ತಿಸಿ, ಕೈಬ್ರೇಕು ಸೇದಿ ಬಿಟ್ಟವರು ಆಮೇಲೆ ನನ್ನನ್ನು ಹೊರಗೆ ತೆಗೆಯಲಿಲ್ಲ. ಸರ್ವಮಂಗಳ ಹೊರಡೋಣವೆಂದಾಗಲೆಲ್ಲ ಪೆಟ್ರೋಲು ಹಳೆಯದಾಗಿದೆ, ಟೈರು ಮೆತ್ತಗಿದೆ, ಮೋಡ ಕಟ್ಟಿದೆ. ಬಾನೆಟ್ಟು ತೆರೆದು ಎಂಜಿನ್ನನ್ನು ಮಾತ್ರ ಆಗಾಗ ಗುರುಗುಟ್ಟಿಸುತ್ತಿದ್ದರು. ನಿಂತಲ್ಲೇ ಹಾಡುವ ಭಾಗ್ಯ ನನ್ನದಾಯಿತು.

ಈ ವರ್ಷದ ಆಯುಧಪೂಜೆಗೆ ಮತ್ತೆ ನಿಂಬೆಹಣ್ಣು ಇಟ್ಟರು. ಗೇರು ಹಾಕಿ ಕ್ಲಚ್ಚು ಬಿಟ್ಟರು. ನನ್ನ ಬೆನ್ನು ಎದ್ದಿತು, ಚಕ್ರ ತಿರುಗಲಿಲ್ಲ. ಕೈಬ್ರೇಕನ್ನು ಬಿಟ್ಟಿದ್ದರು ನಿಜ, ಆದರೆ ಒಳಗೆ ಬ್ರೇಕಿನ ಪಟ್ಟಿಗಳು ತುಕ್ಕಿನಲ್ಲಿ ಡ್ರಮ್ಮಿಗೆ ಅಂಟಿ ಒಂದೇ ಆಗಿಹೋಗಿದ್ದವು. ಮತ್ತೆ ಕ್ಲಚ್ಚು ಬಿಟ್ಟರು. ಸುಟ್ಟ ವಾಸನೆ ಬಂತು. ಎದುರು ಮನೆಯವರು ಕಾಂಪೌಂಡಿಗೆ ಒರಗಿ, "ಮೃತ್ಯುಂಜಯಪ್ಪನೋರೇ, ನಿಂಬೆಹಣ್ಣು ಉಪ್ಪಿನಕಾಯಿಗೆ ಆಗುತ್ತೆ, ವಾಪಸ್ ಕೊಟ್ಬಿಡಿ" ಅಂದರು.

"ಇದರ ಕಾಲ ಮುಗೀತು. ಗುಜರಿಗೆ ಹಾಕೋಣ" ಅಂದರು ಯಜಮಾನರು. ದನಿಯಲ್ಲಿ ದುಃಖವೂ ಇತ್ತು, ಒಂದು ಚೂರು ನೆಮ್ಮದಿಯೂ ಇತ್ತು. ಕಾರೇ ಇಲ್ಲದಿದ್ದರೆ ಯಾಕೆ ಹೊಡೆಯುವುದಿಲ್ಲ ಎಂದು ಕೇಳುವವರೂ ಇರುವುದಿಲ್ಲವಲ್ಲ.

ಗುಜರಿಯವನು ಬಂದು ನನ್ನ ಬಾಗಿಲು ತಟ್ಟಿ, "ತಗಡು ಗಟ್ಟಿಯಾಗಿದೆ" ಎಂದು ಮೆಚ್ಚಿದ. ಹುಡುಗಿ ನೋಡಲು ಬಂದವರು ಹಲ್ಲು ಎಣಿಸಿದ ಹಾಗಾಯಿತು. "ಆದ್ರೆ ಚಕ್ರ ತಿರುಗಬೇಕು ಸಾರ್. ತಿರುಗಿದ್ರೆ ಗುರುವಾರ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಕೊಯ್ದು ತುಂಬ್ಕೋಬೇಕು."

"ಇಲ್ಲೆಲ್ಲ ಕೊಯ್ಯೋದು ಬೇಡ" ಅಂದರು ಸರ್ವಮಂಗಳ. "ಬ್ರೇಕು ಬಿಡಿಸಿಡ್ತೀವಿ."

ಹೀಗೆ ನನ್ನ ಬ್ರೇಕು ರಿಪೇರಿಯಾದದ್ದು ನನ್ನನ್ನು ಗುಜರಿಗೆ ಕಳಿಸುವುದಕ್ಕೆ. ಬುಧವಾರ ಬೆಳಿಗ್ಗೆ ಮೆಕ್ಯಾನಿಕ್ ಜಬೀವುಲ್ಲಾ ಬಂದ. ಬಾಯಿ ನಡೆದಷ್ಟು ಕೈ ನಡೆಯದ ಮನುಷ್ಯ. ಯಜಮಾನರು ಕುರ್ಚಿ ತರಲು ಒಳಗೆ ಹೋದಾಗ ಸರ್ವಮಂಗಳ ಅವನ ಹತ್ತಿರ ಬಂದರು.

"ಜಬೀ, ಬರೀ ಬಿಡಿಸೋದಲ್ಲ. ಓಡೋ ಕಾರಿಗೆ ಮಾಡೋ ಹಾಗೆ ಮಾಡು. ಪಟ್ಟಿ, ರಬ್ಬರು, ಎಲ್ಲಾ ಹೊಸದು."

"ಗುಜರಿಗೆ ಹೋಗೋದಕ್ಕೆ ಹೊಸ ಬ್ರೇಕಾ ಅಕ್ಕ? ಸುಡುಗಾಡಿಗೆ ಹೋಗೋನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗಾಯ್ತು."

"ಕಟ್ಟು. ಹಲ್ಲಿದ್ರೆ ದಾರೀಲಿ ಏನಾದ್ರೂ ತಿಂತಾನೆ."

ಜಬೀ ನನ್ನ ಹಿಂಭಾಗವನ್ನು ಜಾಕಿಯ ಮೇಲೆ ಎತ್ತಿ ಚಕ್ರ ಬಿಚ್ಚಿದ. ಡ್ರಮ್ಮಿನ ಸುತ್ತ ಸೀಮೆಎಣ್ಣೆ ಬಿಟ್ಟು, ಮರದ ಕೊಡತಿಯಿಂದ ಸುತ್ತಲೂ ತಟ್ಟಿದ. ಬರಲಿಲ್ಲ. ಬೀಡಿ ಸೇದಿ ಬಂದು ಮತ್ತೆ ತಟ್ಟಿದ. ಒಂದು ಸಲ ತಪ್ಪಿ ತನ್ನ ಹೆಬ್ಬೆರಳನ್ನೇ ತಟ್ಟಿಕೊಂಡು ನನ್ನ ವಂಶವನ್ನೆಲ್ಲ ನೆನೆದ. ಕೊನೆಗೆ ಡ್ರಮ್ಮು ಕಳಚಿತು. ಒಳಗಿಂದ ಕೆಂಪು ಪುಡಿ ಸುರಿಯಿತು. ಪಟ್ಟಿ ತನ್ನ ಜಾಗ ಬಿಟ್ಟು ಡ್ರಮ್ಮಿಗೇ ಕಚ್ಚಿಕೊಂಡು ಬಂದಿತ್ತು. ಜಬೀ ಅದನ್ನು ಎತ್ತಿ ತೋರಿಸಿದ. "ಸಾರ್, ತೊಳೆದು ಒದ್ದೇಲೇ ಬ್ರೇಕು ಬಿಗಿದು ಮಲಗಿಸಿಬಿಟ್ಟಿದ್ದೀರ. ನಿಲ್ಸಿದ್ದು ನೀವೇ."

"ನಾನೇ ಕಣಯ್ಯ" ಅಂದರು ಯಜಮಾನರು, ಮೆಲ್ಲಗೆ.

ಸಂಜೆಯ ಹೊತ್ತಿಗೆ ತುಕ್ಕು ಉಜ್ಜಿ, ಹೊಸ ಪಟ್ಟಿ ಕೂರಿಸಿ, ಬ್ರೇಕ್ ಆಯಿಲ್ ತುಂಬಿದ್ದಾಯಿತು. ಪೈಪಿನೊಳಗಿನ ಗಾಳಿ ತೆಗೆಯಲು ಯಾರಾದರೂ ಪೆಡಲು ಒತ್ತಬೇಕಿತ್ತು. ಯಜಮಾನರು ಕುರ್ಚಿಯಿಂದ ಏಳುವಷ್ಟರಲ್ಲಿ ಸರ್ವಮಂಗಳ ಸೆರಗು ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕೂತಾಗಿತ್ತು. ಕೆಳಗಿನಿಂದ ಜಬೀ, "ಒತ್ತಿ ಅಕ್ಕ. ಹಿಡೀರಿ. ಬಿಡಿ. ಒತ್ತಿ." ಮೊದಮೊದಲು ಆ ಪೆಡಲು ಹಿಟ್ಟಿನೊಳಗೆ ಬೆರಳಿಟ್ಟ ಹಾಗೆ ಮೆತ್ತಗಿತ್ತು. ನಾಲ್ಕೂ ಚಕ್ರ ಮುಗಿಯುವ ಹೊತ್ತಿಗೆ ಗಟ್ಟಿಯಾಗಿ ಕಾಲಿಗೆ ಎದುರು ನಿಂತಿತು.

ಜಬೀ ಕೈ ಒರೆಸಿಕೊಂಡು ಬೀಗದ ಕೈಯನ್ನು ಯಜಮಾನರ ಮುಂದೆ ಹಿಡಿದ. "ಒಂದು ರೌಂಡು ಹೊಡ್ಕೊಂಡು ಬನ್ನಿ ಸಾರ್. ನಾಳೆ ಕೊಡೋದಾದ್ರೂ ಇವತ್ತು ನಿಮ್ಮದೇ ತಾನೆ."

"ಮೋಡ ಆಗಿದೆ" ಅಂದರು ಯಜಮಾನರು. ಜಬೀ ತಲೆಯೆತ್ತಿ ನೋಡಿದ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಏನು ತೋಚಿತೋ, ಸಾಮಾನು ಕಟ್ಟಿಕೊಂಡು ಚಹಾ ಕುಡಿಯುವ ನೆಪದಲ್ಲಿ ಹೊರಟುಹೋದ.

ಯಜಮಾನರು ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. "ಮಂಗಳಾ, ನಂಗೆ ಎಡಗಡೆ ಕಾಣಲ್ಲ ಕಣೇ."

"ಗೊತ್ತು."

"ಯಾರು ಹೇಳಿದ್ರು?"

"ಚಟ್ನಿ. ತಟ್ಟೆಯ ಎಡಗಡೆ ಹಾಕಿದ್ದು ಹಾಗೇ ಉಳೀತಿತ್ತು. ಆಮೇಲಿಂದ ಬಲಗಡೆ ಬಡಿಸ್ತಿದ್ದೀನಿ, ನೀವು ನೋಡಲಿಲ್ಲ."

"ಹೇಳಬಾರದಿತ್ತಾ?"

"ನೀವು ಹೇಳ್ತೀರೇನೋ ಅಂತ ಕಾದೆ. ಕಾರನ್ನೇ ಗುಜರಿಗೆ ಹಾಕ್ತೀರ ಅಂತ ಅಂದ್ಕೊಂಡಿರಲಿಲ್ಲ." ಆಕೆ ಸೀಟನ್ನು ಮುಂದಕ್ಕೆ ಎಳೆದುಕೊಂಡರು. "ಹತ್ತಿ. ಆ ಕಡೆಯಿಂದ."

ಹರಾಜಿನ ಮೈದಾನದ ಪಾಠ ಬಿಟ್ಟರೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರು ನನ್ನ ಎಡಗಡೆಯ ಬಾಗಿಲು ತೆರೆದು ಕೂತರು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡರು. ನಾವು ಕೆರೆ ಏರಿಯ ಕಡೆ ಹೊರಟೆವು. ಎದುರಿಗೆ ಒಂದು ಆಟೋ ಬಂತು. ಯಜಮಾನರ ಬಲಗಾಲು ಬರಿಯ ಮ್ಯಾಟನ್ನು ಬಲವಾಗಿ ಒತ್ತಿತು. "ಅಲ್ಲೇನೂ ಇಲ್ಲ, ಕಾಲು ತೆಗೀರಿ" ಅಂದರು ಸರ್ವಮಂಗಳ. ಅವರು ತೆಗೆದರು. ಮುಂದಿನ ಲಾರಿಗೆ ಮತ್ತೆ ಒತ್ತಿದರು. ಎರಡೂ ಸಲ ನಿಂತದ್ದು ನಾನು ಆಕೆಯ ಕಾಲಿಗೆ, ಹೊಸ ಪಟ್ಟಿಯ ಮೇಲೆ, ಎಳ್ಳಷ್ಟೂ ಪಕ್ಕಕ್ಕೆ ಎಳೆಯದೆ.

ಗುರುವಾರ ಗುಜರಿಯವನು ಹಗ್ಗ ಹಿಡಿದು ಬಂದಾಗ ಶೆಡ್ಡು ಖಾಲಿಯಿತ್ತಂತೆ. ನಾವು ಕೆ.ಬಿ. ಕ್ರಾಸಿನ ಹೋಟೆಲ್ಲಿನ ಮುಂದೆ ದೋಸೆಗಾಗಿ ನಿಂತಿದ್ದೆವು.

ನಾನು ಬಹಳ ದಿನ ಓಡುವ ಗಾಡಿಯಲ್ಲ. ಬಾಗಿಲ ತಳ ತುಕ್ಕು ಹಿಡಿದಿದೆ, ಹಾರ್ನಿಗೆ ನೆಗಡಿ. ಇವತ್ತಲ್ಲ ನಾಳೆ ಆ ಹಗ್ಗ ಬರುತ್ತದೆ; ಅದಕ್ಕೆ ನನಗೆ ಬೇಸರವಿಲ್ಲ. ಕೆಲಸ ಮಾಡಿ ಸವೆದವನಿಗೆ ತಗಡಾಗುವುದು ದೊಡ್ಡ ಮಾತಲ್ಲ. ನಿಂತು ನಿಂತು ತಗಡಾಗುವುದು ಬೇಡವಾಗಿತ್ತು, ಅಷ್ಟೆ.

ಆ ದಿನ ದೋಸೆ ತಿಂದು ವಾಪಸು ಬರುವಾಗ ನಮ್ಮ ಬೀದಿಗೆ ಎಡಕ್ಕೆ ತಿರುಗಬೇಕಿತ್ತು. ಸರ್ವಮಂಗಳ ನನ್ನ ವೇಗ ತಗ್ಗಿಸಿ, ರಸ್ತೆಯ ಮೇಲಿಟ್ಟ ಕಣ್ಣು ಕದಲಿಸದೆ ಕೇಳಿದರು.

"ರೀ, ಎಡಗಡೆ ಏನಾದ್ರೂ ಬರ್ತಿದೆಯಾ ನೋಡಿ."

ಯಜಮಾನರು ಸೀಟಿನಲ್ಲಿ ಪೂರ್ತಿ ಹೊರಳಿ, ಕತ್ತು ಕಿಟಕಿಯಿಂದಾಚೆ ಚಾಚಿ, ಮದುವೆಯ ಗುಂಪು ಫೋಟೋಕ್ಕೆ ಎಲ್ಲರೂ ಬಂದರೇ ಎಂದು ನೋಡುವವರ ಹಾಗೆ ನಿಧಾನವಾಗಿ ನೋಡಿದರು.

"ಖಾಲಿ ಇದೆ" ಅಂದರು. "ತಿರುಗಿಸು."